ಹೊಸ ಬಟ್ಟೆಯ ಕೌದಿ

ಮಾಸ್ತರು ತೀರಿಕೊಂಡರೆಂದು ನನಗೆ ತಿಳಿದದ್ದು ಮಣ್ಣು ಮಾಡಿ ಎರಡು ದಿನವಾದ ಮೇಲೆ. ರಾಯಚೂರಿನ ಗಂಜಿನಲ್ಲಿ, ಅಂದರೆ ದವಸದ ಪೇಟೆಯಲ್ಲಿ, ನನ್ನದು ಹಳೆಯ ಗೋಣಿಚೀಲದ ವ್ಯಾಪಾರ. ಗಂಜಿನವರು ಅದಕ್ಕೆ ಬಾರದಾನ ಅನ್ನುತ್ತಾರೆ. ಮಾನ್ವಿಯಿಂದ ಚೀಲ ತಂದ ಲಾರಿಯ ಡ್ರೈವರ್ ಬೀಡಿ ಹಚ್ಚಿಕೊಳ್ಳುತ್ತ, "ನಿಮ್ಮ ಇಂಗ್ಲಿಷ್ ಮಾಸ್ತರ್ ಹೋಗ್ಬಿಟ್ರಂತಲ್ರಿ ಸೇಠ್, ಆ ಕಿವುಡ ಮಾಸ್ತರು" ಎಂದ.

"ಕಿವುಡ ಅಲ್ಲಪಾ. ಒಂದ್ ಕಿವಿ ಕೇಳ್ತಿತ್ತು" ಎಂದೆ.

ಅಷ್ಟು ತಿದ್ದಿ ಚೀಲ ಎಣಿಸತೊಡಗಿದೆ. ಕೇಳದೆ ಹೋದ ಆ ಇನ್ನೊಂದು ಕಿವಿಯ ಕತೆಯಲ್ಲಿ ನನ್ನ ಪಾಲೂ ಇತ್ತು. ಡ್ರೈವರನಿಗೆ ಅದನ್ನೆಲ್ಲ ಹೇಳಲಾಗುತ್ತದೆಯೇ?

ಮಾತಾಡುವವರ ಕಡೆ ಅವರು ಬಲಗೆನ್ನೆ ತಿರುಗಿಸಿ, ಕಣ್ಣು ಕೆಳಗಿಟ್ಟು ಕೇಳುತ್ತಿದ್ದರು. ಹೊಸಬರಿಗೆ ಅದು ನಾಚಿಕೆಯಂತೆ ಕಾಣುತ್ತಿತ್ತು. ಎಲ್ಲರಿಗೂ ಬಹುವಚನ. ದೇವದುರ್ಗದ ಹೈಸ್ಕೂಲಿನಲ್ಲಿ ಎಂಟನೇ ಇಯತ್ತೆಯ ಹುಡುಗರಿಗೂ "ಬರ್ರಿ, ಕುಂದರ್ರಿ" ಎನ್ನುತ್ತಿದ್ದರು. ಬಿಳಿ ಅಂಗಿ, ಬಿಳಿ ಪೈಜಾಮ, ಹೆಗಲಿಗೊಂದು ಕೈಚೀಲ. ಆ ಚೀಲದಲ್ಲಿ ಪುಸ್ತಕದ ಜೊತೆ ಒಂದು ತಂಬಿಗೆ ಮತ್ತು ಹಾಸುವ ಚಾದರ ಇರುತ್ತಿದ್ದವು. ಚುನಾವಣೆ ಕೆಲಸಕ್ಕೆ ಹೋಗಲಿ, ಪರೀಕ್ಷೆ ಕೆಲಸಕ್ಕೆ ಹೋಗಲಿ, ಯಾರದೋ ಕಟ್ಟೆಯ ಮೇಲೆ ತಮ್ಮದೇ ಚಾದರ ಹಾಸಿ ಮಲಗಿ, ಬೆಳಿಗ್ಗೆ ಅದನ್ನು ಜಾಡಿಸಿ ನಾಲ್ಕು ಮಡಿಕೆ ಮಾಡಿ ಒಳಗಿಡುವರು. ಮಲಗಿದ್ದ ಜಾಗವನ್ನು ಅಂಗೈಯಿಂದ ಒಂದು ಸಲ ಒರೆಸುವರು. ಯಾಕೆ ಸರ್ ಎಂದು ಕೇಳಿದ್ದಕ್ಕೆ, "ನಾವು ಎದ್ದ ಮ್ಯಾಲ ಅವರು ನೀರು ಹಾಕೋ ತ್ರಾಸು ಯಾಕ್ರಿ?" ಎಂದರು. ಅವರು ಕೇರಿಯವರು. ನಾನು ಊರೊಳಗಿನವನು, ಬಡವನೇ, ಆದರೆ ಊರೊಳಗಿನ ಬಡವ. ಈ ಎರಡಕ್ಕೂ ಏನು ವ್ಯತ್ಯಾಸವೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮ್ಯಾಟ್ರಿಕ್ಕಿನಲ್ಲಿ ಮೂರು ಸಲ ಇಂಗ್ಲಿಷಿಗೇ ಫೇಲಾದ ನನ್ನನ್ನು ನಾಲ್ಕನೇ ಸಲ ದಾಟಿಸಿದವರು ಅವರೇ. ಶಾಲೆ ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಕೂಡಿಸಿಕೊಂಡು ವ್ಯಾಪಾರದ ಕಾಗದ ಬರೆಯುವುದನ್ನು ಕಲಿಸಿದರು. ಇವತ್ತು ಗುಂಟೂರಿಗೂ ಮುಂಬಯಿಗೂ ನಾನೇ ಕಾಗದ ಬರೆಯುತ್ತೇನೆ. ಹೊಸದಾಗಿ ಅಂಗಡಿ ಇಡುವವರಿಗೆ ನಾನು ಹೇಳುವ ಮೊದಲ ಮಾತೂ ಅವರದೇ: ಕಾಗದದಲ್ಲಿ ಬೇಡುವಂತೆ ಬರೆಯಬೇಡಿ, ಕೇಳುವಂತೆ ಬರೆಯಿರಿ.

ನಾನು ಅವರ ಮನೆಗೆ ಮಾತ್ರ ಹೋಗಲಿಲ್ಲ. ಪಾಠಕ್ಕೆ ಶಾಲೆಯ ಮೆಟ್ಟಿಲು ಇತ್ತಲ್ಲ.

ತುರ್ತು ಪರಿಸ್ಥಿತಿ ಮುಗಿದ ಮೇಲಿನ ಚಳಿಗಾಲ. ಹತ್ತಿ ಬಿಡಿಸುವ ಕಾಲ. ರಾಯಚೂರಿನ ಒಂದು ಯುವಕರ ಸಂಘದವರು ಯುರೋಪಿನಿಂದ ಹತ್ತು ಹುಡುಗ ಹುಡುಗಿಯರನ್ನು ಕರೆಸಿದರು. ಜರ್ಮನಿ, ಫ್ರಾನ್ಸ್, ಹಾಲೆಂಡ್, ಇಟಲಿ, ಹೀಗೆ ನಾಲ್ಕು ದೇಶದವರು. ಎಂಟು ದಿನ ದೇವದುರ್ಗದಲ್ಲಿ ಶಿಬಿರ. ಆಮೇಲೆ ನಮ್ಮ ಕಡೆಯಿಂದ ಮೂವರು ಅವರ ದೇಶಕ್ಕೆ ಹೋಗಬೇಕು. ಮಾಸ್ತರು ಮತ್ತು ಇಬ್ಬರು ಹುಡುಗರು ಎಂದು ಹೆಸರೂ ಗೊತ್ತಾಗಿತ್ತು. ಇಂಗ್ಲಿಷ್ ಬಲ್ಲವರೆಂದು ಶಿಬಿರದ ಹೊರೆಯೆಲ್ಲ ಮಾಸ್ತರ ಮೇಲೆ ಬಿತ್ತು. ಓಡಾಟದ ಕೆಲಸಕ್ಕೆ, ಆಗ ದೇವದುರ್ಗದಲ್ಲೇ ಚೀಲದ ಸಣ್ಣ ಅಂಗಡಿ ಇಟ್ಟಿದ್ದ ನಾನು.

ಹಗಲು ಶಾಲೆಯ ಕಾಂಪೌಂಡಿಗೆ ಕಲ್ಲು ಹೊರುವುದು, ಸಂಜೆ ಅಂಗಳದಲ್ಲಿ ಚರ್ಚೆ. ಆ ಹುಡುಗರು ನೆಲದ ಮೇಲೆ ಸೀಮೆಸುಣ್ಣದಿಂದ ತಮ್ಮ ಖಂಡವನ್ನು ಬರೆದು, ಯುರೋಪಿನವರು ಅಂದರೆ ಯಾರು ಎಂದು ತಮ್ಮತಮ್ಮಲ್ಲೇ ಜಗಳಾಡುತ್ತಿದ್ದರು. ಮುಂದಿನ ವರ್ಷ ಒಂಬತ್ತು ದೇಶಗಳ ಜನ ಸೇರಿ ಒಂದೇ ಸಭೆಗೆ ಓಟು ಹಾಕುತ್ತಾರಂತೆ. ಅದರ ಸಂಭ್ರಮ ಬೇರೆ. ಓಟು ಹಾಕಿದರೆ ನಾಗರಿಕನಾದಂತಲ್ಲ, ಊರಿನ ಕೆಲಸಕ್ಕೆ ಕೈ ಹಚ್ಚಬೇಕು ಎಂದು ಒಬ್ಬ ಅಂದರೆ, ಕೈ ಹಚ್ಚಲು ಊರಿನವರು ಬಿಡಬೇಕಲ್ಲ ಎಂದು ಇನ್ನೊಬ್ಬಳು. ಈ ಕಡೆ ತಿರುಗಿ, ನಿಮ್ಮ ಊರಿನ ನಾಗರಿಕರು ಯಾರು ಎಂದು ಕೇಳಿದರು. ಕೇರಿಯ ಹುಡುಗನೊಬ್ಬ ಎದ್ದು ನಿಂತು, "ರೇಷನ್ ಕಾರ್ಡ್ ಇದ್ದವ್ರು, ಸರ್" ಎಂದ. ಎಲ್ಲರೂ ನಕ್ಕರು. ಮಾಸ್ತರು ನಗದೆ ಹಾಗೆಯೇ ಇಂಗ್ಲಿಷಿಗೆ ದಾಟಿಸಿದರು.

ಎರಡನೆಯ ಸಂಜೆ ಜರ್ಮನಿಯ ಹುಡುಗಿ ಒಂದು ಸಂಗತಿ ಹೇಳಿದಳು. ಅವಳ ದೇಶಕ್ಕೂ ಫ್ರಾನ್ಸಿಗೂ ಮೂರು ತಲೆಮಾರಿನ ವೈರ. ಯುದ್ಧ ಮುಗಿದ ಮೇಲೆ ಎರಡೂ ಕಡೆಯವರು ಮಕ್ಕಳನ್ನು ಅದಲು ಬದಲು ಕಳಿಸುವ ರೂಢಿ ಹಾಕಿಕೊಂಡರಂತೆ. ಹದಿನಾರರ ವಯಸ್ಸಿನಲ್ಲಿ ಅವಳು ಫ್ರಾನ್ಸಿನ ಒಂದು ಹಳ್ಳಿಗೆ ಹೋದಳು. ಆ ಮನೆಯ ಮುದುಕಿಯ ಮಗನನ್ನು ಜರ್ಮನಿಯವರು ಕೊಂದಿದ್ದರು. ಮುದುಕಿ ಎರಡು ದಿನ ಮಾತಾಡಲಿಲ್ಲ. ಊಟ ಮಾತ್ರ ಬಡಿಸಿದಳು, ಸತ್ತ ಮಗನ ಮಂಚದ ಮೇಲೆ ಮಲಗಲು ಕೊಟ್ಟಳು. ಮೂರನೆಯ ದಿನ, ಚಳಿ ಆಗುತ್ತದೆಯೇ ಎಂದು ಕೇಳಿದಳಂತೆ.

ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ ಮಾಸ್ತರು ನಡುವೆ ನಿಂತರು. ಆ ಹುಡುಗಿಗೆ ಏನೋ ಕೇಳಿ, ಉತ್ತರ ಬಂದ ಮೇಲೆ ನಮ್ಮ ಕಡೆ ತಿರುಗಿದರು. "ಹಾಸಿಗಿ ಯಾರು ಹಾಸಿದ್ರು ಅಂತ ಕೇಳ್ದೆ. ಆ ಮುದುಕಿನೇ ಹಾಸಿದ್ಲಂತ್ರಿ."

ಮರುದಿನ ಕಲ್ಲು ಹೊರುವ ಜಾಗದಲ್ಲೇ ಹೇಳಿದರು: "ನಮ್ಮಲ್ಲೂ ಅದಲು ಬದಲು ಮಾಡೂನ್ರಿ. ಕೇರಿಯ ಐದು ಹುಡುಗ್ರು ಊರಾಗಿನ ಐದು ಮನ್ಯಾಗ ಒಂದು ರಾತ್ರಿ. ಊರಾಗಿನ ಐದು ಹುಡುಗ್ರು ಕೇರ್ಯಾಗ ಒಂದು ರಾತ್ರಿ. ನಡುವಿನ ಹಳ್ಳ ದಾಟಿದ್ರ ಮುಗೀತು. ಪಾಸ್‌ಪೋರ್ಟ್ ಬ್ಯಾಡ, ಏನ್ ಬ್ಯಾಡ."

"ಆಗೂದಿಲ್ರಿ ಸರ್" ಎಂದೆ.

"ಅದಕ್ಕ ನಿಮಗ ಹೇಳಾಕತ್ತೀನಿ. ಆಗದ ವ್ಯಾಪಾರ ಕುದುರ್ಸೋರು ನೀವು."

ಹಾಗೆಂದರೆ ನಾನು ಸುಮ್ಮನಿರುವವನೇ? ಎರಡು ದಿನ ತಿರುಗಿದೆ. ಒಬ್ಬರ ಮನೆಯಲ್ಲಿ ಸೊಸೆ ಬಸುರಿ, ಇನ್ನೊಬ್ಬರಲ್ಲಿ ಮಡಿ, ಮತ್ತೊಬ್ಬರಿಗೆ ನೆಂಟರು ಬರುವವರಿದ್ದರು. ಬೇಡವೆಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಆಗ ನನಗೆ ಹೊಳೆಯಿತು: ಕೊಳ್ಳುವವನಿಗೆ ಬೇಡದ ಮಾಲನ್ನು ಬೇಕಾದ ಮಾಲಿನ ಜೊತೆ ಕಟ್ಟಬೇಕು.

ಹತ್ತಿ ಸಾಹುಕಾರರ ಮನೆಗೆ ಹೋದೆ. ಅವರಿಗೆ ಬಿಳಿಯ ಅತಿಥಿಗಳು ತಮ್ಮ ಮನೆಯಲ್ಲಿ ಉಂಡರು ಎನ್ನಿಸಿಕೊಳ್ಳುವ ಆಸೆ ಇತ್ತು.

"ಒಬ್ಬಾಕಿನ್ನ ನಮ್ಮನಿಗೆ ಕಳಸೋ. ನೋಡೂನು, ಹೋಳಿಗಿ ತಿಂತಾಳೋ ಇಲ್ಲೋ" ಎಂದರು.

"ಕಳಸ್ತೀನ್ರಿ ಧಣಿ. ಆದ್ರ ಬಿಡಿ ಕೊಡೂದಿಲ್ಲ, ಜೋಡಿ. ಅವರದೊಬ್ಬರು, ಕೇರಿಯವನೊಬ್ಬ. ಸಂಘದ ಕಾಯ್ದೆ."

ಅಂಥ ಕಾಯ್ದೆ ಯಾವುದೂ ಇರಲಿಲ್ಲ. ಸಾಹುಕಾರರು ಎಲೆಗೆ ಸುಣ್ಣ ಹಚ್ಚತೊಡಗಿದರು.

"ಮ್ಯಾಲಿನ ಓಣಿ ಗೌಡ್ರು ಹೂಂ ಅಂದಾರ್ರಿ" ಎಂದೆ.

"ಅಂವಾ ಹೂಂ ಅಂದನಾ?"

"ಇಬ್ಬರನ್ನ ಕೇಳ್ಯಾರ."

"ಹಂಗಾರ ನಮ್ಮನಿಗೂ ಬರ್ಲಿ ತಗೋ!"

ಅಲ್ಲಿಂದ ನೇರವಾಗಿ ಗೌಡರ ಮನೆಗೆ ಹೋಗಿ, ಸಾಹುಕಾರರು ಹೂಂ ಅಂದರು ಎಂದೆ. ವ್ಯಾಪಾರ ಮಾಡುವವರು ಇದನ್ನು ಸುಳ್ಳೆನ್ನುವುದಿಲ್ಲ. ಮುಂಗಡ ಕೊಟ್ಟ ಸತ್ಯ ಅನ್ನುತ್ತಾರೆ. ಸಂಜೆಯೊಳಗೆ ಐದು ಮನೆ ಕುದುರಿದವು. ನಾನು ಹಿಗ್ಗಿನಿಂದ ಮಾಸ್ತರ ಮುಂದೆ ಐದು ಬೆರಳು ಎತ್ತಿ ತೋರಿಸಿ, ಹೇಗೆ ಕುದುರಿಸಿದೆನೆಂದು ವಿವರಿಸಿದೆ. ಅವರು ಕೇಳಿ ಮುಗಿಸಿ ಕಲ್ಲಿನ ಮೇಲೆ ಕೂತರು.

"ನಮ್ಮ ಹುಡುಗ್ರನ್ನ ಕೊಸರಿಗೆ ಕೊಟ್ಯಲ್ಲೋ ತಮ್ಮಾ" ಎಂದರು.

ಕೊಸರೆಂದರೆ ಮಾಲಿನ ಮೇಲೆ ಪುಕ್ಕಟೆ ಕೊಡುವುದು. ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಆ ಒಂದೇ ಸಲ.

"ಕೊಸರಿಗೆ ಹೋದ ಮಾಲೂ ಮನಿಯೊಳಗ ಹೋಗ್ತದಲ್ರಿ ಸರ್" ಎಂದೆ. ಈ ಉತ್ತರ ಆಗ ನನಗೆ ಬಹಳ ಚೆಂದ ಕಂಡಿತ್ತು.

ಆ ರಾತ್ರಿ ಐದು ಮನೆಯಲ್ಲಿ ಉಂಡು ಮಲಗಿ, ಮರುದಿನ ಬೆಳಿಗ್ಗೆ ಐದು ಜನ ಬಿಳಿಯ ಅತಿಥಿಗಳು ಹೊಟ್ಟೆ ಸವರಿಕೊಳ್ಳುತ್ತ ನಗುತ್ತ ಬಂದರು. ಐವರು ಹುಡುಗರು ಹಿಂದೆ ಹಿಂದೆ ಬಂದರು. ಮಾಸ್ತರು ಒಬ್ಬೊಬ್ಬರನ್ನೇ ಬದಿಗೆ ಕರೆದು ಕೇಳಿದರು.

"ಎಲ್ಲಿ ಮಲಗಿದ್ರಿ?"

"ಕೊಟ್ಟಿಗಿ ಬಾಜೂಕ, ಸರ್."

"ಹಾಸಾಕ ಏನ್ ಕೊಟ್ರು?"

ಹುಡುಗ ನನ್ನ ಕಡೆ ನೋಡಿದ. "ಚೀಲ, ಸರ್. ಇವರ ಅಂಗಡೀವ. ಬೆಚ್ಚಗಿದ್ವು."

ಐದು ಮನೆಯಲ್ಲೂ ಅದೇ. ಅತಿಥಿ ಒಳಕೋಣೆಯ ಮಂಚದ ಮೇಲೆ, ಹುಡುಗ ಹೊರಗೆ ನನ್ನ ನೀಲಿ ಗುರುತಿನ ಬಾರದಾನದ ಮೇಲೆ. ಸಾಹುಕಾರರ ಮನೆಯಲ್ಲಿ ಮಲಗಿದ ಹುಡುಗ ಮಾತ್ರ ಇನ್ನೊಂದು ಮಾತು ಹೇಳಿದ: ಬೆಳಿಗ್ಗೆ ಸಾಹುಕಾರರ ಮಗ, ರಾಯಚೂರಿನಲ್ಲಿ ಕಾಲೇಜು ಓದುವವನು, ಚಹಾ ತಂದು ಚೀಲದ ಮೇಲೆ ತಾನೂ ಕೂತು ಕುಡಿದನಂತೆ. "ಐತಾರ ನಿಮ್ಮ ಕಡೆ ನಾನು ಬರ್ತೀನಿ" ಅಂದನಂತೆ.

"ಅಷ್ಟು ಸಾಕು" ಎಂದರು ಮಾಸ್ತರು.

ಊರಿನ ಐವರು ಹುಡುಗರು ಕೇರಿಗೆ ಬರುವುದೂ ಆ ಐತಾರಕ್ಕೇ, ಅಂದರೆ ಭಾನುವಾರಕ್ಕೇ, ಎಂದಾಯಿತು. ಅದು ಅತಿಥಿಗಳು ಹೊರಟ ಮಾರನೆಯ ದಿನಕ್ಕೆ ಬೀಳುತ್ತಿತ್ತು. ಎರಡು ದಿನ ಮೊದಲೇ ಇಟ್ಟುಕೊಳ್ಳಿ, ಅವರ ಕಣ್ಣೆದುರಿಗೇ ಮುಗಿಸಿ, ಆಗ ಯಾರೂ ಕೈ ಎತ್ತುವುದಿಲ್ಲ ಎಂದು ನಾನು ಪರಿಪರಿಯಾಗಿ ಹೇಳಿದೆ. ಇಂದಿಗೂ ಆ ಸಲಹೆ ಸರಿಯೆಂದೇ ನನ್ನ ಲೆಕ್ಕ. ಅವರು ಒಪ್ಪಲಿಲ್ಲ. "ಅವರು ನೋಡಾಕತ್ತಾಗ ಬಂದ್ರ ಅದು ಬಯಲಾಟ ಆಗ್ತದ್ರಿ. ಪರದೇಶದವರು ಹೋದ ಮ್ಯಾಲೂ ಬಂದ್ರ, ಬಂದವರು ನಾಗರಿಕರು."

ಕೇರಿಯ ಹೆಂಗಸರು ಆ ವಾರ ಐದು ಕೌದಿ ಹೊಲಿದರು. ಕೌದಿಯೆಂದರೆ ಹಳೆಯ ಸೀರೆ, ಹಳೆಯ ಧೋತರ ಪದರ ಪದರ ಇಟ್ಟು ಹೊಲಿಯುವುದು. ಎಷ್ಟು ಹಳೆಯದೋ ಅಷ್ಟು ಮೆತ್ತಗೆ. ಆದರೆ ತಾವು ಉಟ್ಟ ಸೀರೆ ಊರಿನವರ ಮೈಗೆ ಹತ್ತಬಾರದೆಂದು, ಅಂಗಡಿಯ ಹೊಸ ಬಟ್ಟೆ ತಂದು, ಒಂದು ಸಲವೂ ಒಗೆಯದೆ ಹೊಲಿದರು. ಮುಟ್ಟಿದರೆ ಗಂಜಿಯ ಬಿರುಸು, ರಟ್ಟಿನಂತೆ. "ಯಾರಿಗೆ ನಿದ್ದಿ ಬರ್ತದಬೇ ಇದರ ಮ್ಯಾಲ?" ಎಂದು ಮಾಸ್ತರ ಹೆಂಡತಿ ನಗಾಡಿದರಂತೆ. "ಬರ್ದಿದ್ರ ಬಿಡು, ಎದ್ದು ಕುಂತಿದ್ರೂ ಒಂದ್ ರಾತ್ರಿ ನಮ್ಮನ್ಯಾಗ ಇದ್ದಂಗಾತು" ಎಂದಳಂತೆ ಪಕ್ಕದ ಮನೆಯ ಮುದುಕಿ.

ಐತಾರ ಇಳಿಹೊತ್ತಿಗೆ ಐದು ಮನೆಯ ಮುಂದೆ ಸಗಣಿ ಸಾರಿಸಿ ರಂಗೋಲಿ ಬಿದ್ದಿತ್ತು. ಮಾಸ್ತರು ಹಳ್ಳದ ಆಚೆ ದಂಡೆಯಲ್ಲಿ ನಿಂತಿದ್ದರು. ನಾನು ಈಚೆ ದಂಡೆಯಲ್ಲಿ, ಸೈಕಲ್ ಹಿಡಿದುಕೊಂಡು. ನಾಲ್ಕು ಮನೆಯ ಹುಡುಗರು ಬರಲಿಲ್ಲ. ಹೊತ್ತು ಮುಳುಗುವಾಗ ಸಾಹುಕಾರರ ಮಗ ಬಂದ. ಬಗಲಲ್ಲಿ ಎರಡು ಪುಸ್ತಕ, ಕಾಲಲ್ಲಿ ಕಾಲೇಜಿಗೆ ಹಾಕುವ ಬೂಟು. ಮಾಸ್ತರು ಈಚೆ ಬಂದು, ಅವನ ಹೆಗಲಿಗೆ ಕೈ ಹಾಕಲು ಹೋಗಿ ಹಿಂದೆಗೆದು, ನಮಸ್ಕಾರ ಮಾಡಿದರು. ಹುಡುಗ ತಾನೇ ಅವರ ಕೈ ಹಿಡಿದು ಹಳ್ಳ ದಾಟಿದ. ಅಷ್ಟು ನಾನು ಕಣ್ಣಾರೆ ಕಂಡೆ. ಆಮೇಲೆ ಸೈಕಲ್ ತಿರುಗಿಸಿದೆ.

ಬೆಳಿಗ್ಗೆ ಸಾಹುಕಾರರ ಕಡೆಯವರು ಏಳೆಂಟು ಜನ ಕೇರಿಯ ಮಾಸ್ತರ ಮನೆಗೆ ಹೋದರು. ಹುಡುಗನನ್ನು ಹಾಸಿಗೆಯಿಂದಲೇ ಎಳೆದರು. ಅಡ್ಡ ಬಂದ ಮಾಸ್ತರಿಗೆ ಎತ್ತು ಹೊಡೆಯುವ ಬಾರಕೋಲಿನಿಂದ ಬಿದ್ದ ಮೊದಲ ಪೆಟ್ಟೇ ಎಡಗಿವಿಗೆ. ರಕ್ತ ಎರಡು ದಿನ ನಿಲ್ಲಲಿಲ್ಲವಂತೆ. ಅದಕ್ಕಿಂತ ದೊಡ್ಡ ಪೆಟ್ಟು ಮರುದಿನದಿಂದ ಶುರುವಾಯಿತು. ಹತ್ತಿ ಬಿಡಿಸಲು ಕೇರಿಯ ಯಾರನ್ನೂ ಕರೆಯಲಿಲ್ಲ. ಗಿರಣಿಯವನು ಅವರ ಜೋಳ ಬೀಸಲಿಲ್ಲ. ಹೊಲದಲ್ಲಿ ಹತ್ತಿ ಒಡೆದು ಗಾಳಿಗೆ ಹಾರುತ್ತಿದ್ದರೂ ಪಕ್ಕದ ಹಳ್ಳಿಗಳಿಂದ ಆಳು ತರಿಸಿದರು, ಇವರನ್ನು ಕರೆಯಲಿಲ್ಲ. ಕೇರಿಯವರು ಮೊದಲ ವಾರ ಮಾಸ್ತರ ಗಾಯಕ್ಕೆ ಅರಿಸಿನ ಹಚ್ಚಿದರು. ಎರಡನೆಯ ವಾರ ಮಾತು ಕಡಿಮೆ ಮಾಡಿದರು. ಮೂರನೆಯ ವಾರ, ಕೌದಿಯ ಮೇಲೆ ಎದ್ದು ಕುಂತಿದ್ದರೂ ಸಾಕು ಎಂದಿದ್ದ ಮುದುಕಿಯೇ ಅವರ ಬಾಗಿಲಲ್ಲಿ ನಿಂತು ಕೂಗಿದಳು: "ನಿನಗೇನಪಾ, ತಿಂಗಳಾದ್ರ ಸರ್ಕಾರ ಕೊಡ್ತದ. ನನ್ನ ಮೊಮ್ಮಕ್ಕಳು ನಿನ್ನ ಇಂಗ್ಲಿಷ್ ತಿನ್ಬೇಕನು?"

ಆಗ ಸಾಹುಕಾರರು ನನ್ನನ್ನು ಕರೆಸಿದರು. "ಜೋಡಿ ಕುದುರ್ಸಿದಾಂವ ನೀನ. ಇದನ್ನೂ ನೀನ ಬಗಿಹರ್ಸು. ಅಂವಾ ಚಾವಡಿಗೆ ಬಂದು ನಾಕು ಮಂದ್ಯಾಗ ಕಾಲು ಹಿಡೀಬೇಕು."

ಒಂದು ಮಧ್ಯಾಹ್ನವೆಲ್ಲ ಚೌಕಾಶಿ ಮಾಡಿದೆ. ಕಾಲು ಹಿಡಿಯುವುದನ್ನು ಬಿಡಿಸಿದೆ, ಚಾವಡಿಯನ್ನು ಬಿಡಿಸಿದೆ. ಕೊನೆಗೆ ಮಾಸ್ತರು ಸಹಿ ಮಾಡಬೇಕಾದ ಒಂದು ಕಾಗದಕ್ಕೆ ಇಳಿಸಿದೆ: ಹುಡುಗನನ್ನು ಪುಸಲಾಯಿಸಿ ಮನೆಗೆ ಕರೆದೊಯ್ದವನು ನಾನೇ, ತಪ್ಪಾಗಿದೆ, ಇನ್ನು ಹೀಗಾಗುವುದಿಲ್ಲ. ಸಹಿ ಬಿದ್ದ ದಿನವೇ ಹೊಲಕ್ಕೂ ಗಿರಣಿಗೂ ಕರೆ. ಇಷ್ಟು ಕಮ್ಮಿಗೆ ಬೇರೆ ಯಾರಿಂದಲೂ ಮುಗಿಯುತ್ತಿರಲಿಲ್ಲ.

ಮಾಸ್ತರು ಶಾಲೆಯ ಅದೇ ಮೆಟ್ಟಿಲ ಮೇಲೆ ಕೂತು ಕಾಗದ ಓದಿದರು. ಕಿವಿಗೆ ಪಟ್ಟಿ ಕಟ್ಟಿತ್ತು. ನಾನು ಮಾತಾಡಿದರೆ ಬಲಗೆನ್ನೆ ತಿರುಗಿಸುವುದನ್ನು ಮೊದಲ ಬಾರಿ ಕಂಡದ್ದು ಆಗಲೇ.

"ಒಂದ್ ಕೇಳ್ಲೇನ್ರಿ?" ಎಂದರು. "ಐದು ಮನಿ ಕುದುರ್ಸಿದ್ರಿ. ನಿಮ್ಮನಿ ಕೇಳಲಿಲ್ಲ?"

"ನಮ್ಮವ್ವ ಹಳೇ ಕಾಲದಾಕಿ, ಸರ್."

"ಹೌದ್ರಿ. ಅವರಿಗ್ಯಾಕ ತ್ರಾಸು" ಎಂದು ಸಹಿ ಮಾಡಿದರು. ನಾನು ಬರೆದಿದ್ದ ಒಕ್ಕಣೆಯಲ್ಲಿ 'ತಪ್ಪಾಗಿದೆ' ಎಂಬುದರ ಕೆಳಗೆ ಬೆರಳಿಟ್ಟು, "ಇದೊಂದು ಬೇಡೋ ಹಂಗ ಬರದೀರಿ" ಎಂದರು. ತಿದ್ದಲಿಲ್ಲ.

ಮರುದಿನ ಕೇರಿಯ ಹೆಂಗಸರು ಸಾಲಾಗಿ ಹತ್ತಿ ಹೊಲಕ್ಕೆ ಹೋದರು. ಸಾಹುಕಾರರು ಆ ಕಾಗದದ ನಕಲನ್ನು ರಾಯಚೂರಿನ ಸಂಘಕ್ಕೂ ಕಳಿಸಿದ್ದರೆಂದು ನನಗೆ ಗೊತ್ತಾದದ್ದು ಆಮೇಲೆ. ನಕಲು ಕಳಿಸಬಾರದೆಂಬ ಮಾತನ್ನು ಚೌಕಾಶಿಯಲ್ಲಿ ಸೇರಿಸಲು ನಾನು ಮರೆತಿದ್ದೆ. ಸಹಿ ಮಾಡಿಸುವ ಮೊದಲು ಕಾಗದ ಯಾರ ಯಾರ ಕೈಗೆ ಹೋಗುತ್ತದೆಂದು ಕೇಳಿಕೊಳ್ಳಿ ಎಂದು ಇಂದು ಎಲ್ಲರಿಗೂ ಹೇಳುತ್ತೇನೆ. ಇದನ್ನು ಕಲಿತದ್ದು ಮಾಸ್ತರ ತಲೆಯ ಮೇಲೆ. ಸಂಘದವರು ಗಲಾಟೆಯ ಮನುಷ್ಯನೆಂದು ಯುರೋಪಿಗೆ ಹೋಗುವವರ ಪಟ್ಟಿಯಿಂದ ಅವರ ಹೆಸರು ಹೊಡೆದು ಹಾಕಿದರು, ಆಮೇಲೆ ಪ್ರವಾಸವನ್ನೇ ಕೈಬಿಟ್ಟರು. ಜರ್ಮನಿಯ ಹುಡುಗಿಯಿಂದ ಒಂದು ಕಾಗದ ಬಂದಿತ್ತು: ನಮ್ಮ ಮನೆಯಲ್ಲಿ ನಿಮಗೆ ಕೋಣೆ ಸಿದ್ಧವಾಗಿದೆ, ಯಾವಾಗ ಬರುತ್ತೀರಿ? ಅಷ್ಟರಲ್ಲಿ ಮಾಸ್ತರಿಗೆ ವರ್ಗವಾಗಿತ್ತು. ಸಾಮಾನು ಕಟ್ಟುತ್ತ, "ನನಗೂ ಅದಲು ಬದಲು ಆತು ನೋಡ್ರಿ. ದೇವದುರ್ಗದಿಂದ ಮಾನ್ವಿಗೆ" ಎಂದು ನಕ್ಕರು. ಆ ಕಾಗದಕ್ಕೆ ಏನು ಉತ್ತರ ಬರೆದರೋ ಕೇಳುವ ಧೈರ್ಯ ನನಗಾಗಲಿಲ್ಲ.

ಸಾಹುಕಾರರ ಮಗನನ್ನು ಹೈದರಾಬಾದಿನ ನೆಂಟರ ಮನೆಗೆ ಸಾಗಿಸಿದ್ದರು. ಈಗ ತಂದೆಯ ಗಾದಿಯ ಮೇಲೆ ಅವನೇ ಕೂರುತ್ತಾನೆ. ನನ್ನಲ್ಲೇ ಚೀಲ ಕೊಳ್ಳುತ್ತಾನೆ. ಒಮ್ಮೆ ಮಾಸ್ತರ ಮಾತೆತ್ತಿದೆ. "ಯಾವ ಮಾಸ್ತರ್ರಿ?" ಎಂದ.

ಮಾನ್ವಿಯಲ್ಲಿ ಮಾಸ್ತರನ್ನು ಹತ್ತು ವರ್ಷದಲ್ಲಿ ಐದಾರು ಸಲ ಕಂಡಿರಬಹುದು. ಬಸ್‌ಸ್ಟ್ಯಾಂಡಿನಲ್ಲಿ, ಚಹಾ ಹೋಟೆಲಿನಲ್ಲಿ. ಹೆಗಲ ಚೀಲದಲ್ಲಿ ಚಾದರ, ತಂಬಿಗೆ ಹಾಗೇ ಇದ್ದವು. ಪ್ರತಿ ಸಲವೂ, "ಮನಿಗೆ ಬರ್ರಿ, ಇದ್ದು ಹೋಗೀರಂತ" ಎನ್ನುತ್ತಿದ್ದರು. ಪ್ರತಿ ಸಲವೂ ನನಗೆ ಲಾರಿ ಬರುವುದಿರುತ್ತಿತ್ತು. ನಮ್ಮವ್ವ ತೀರಿಕೊಂಡು ಏಳು ವರ್ಷವಾಗಿತ್ತು. ಅದೂ ಅವರಿಗೆ ಗೊತ್ತಿತ್ತು.

ಡ್ರೈವರ್ ಸುದ್ದಿ ಹೇಳಿದ ಮಧ್ಯಾಹ್ನವೇ ಮಾನ್ವಿಯ ಬಸ್ಸು ಹತ್ತಿದೆ. ಕಲ್ಮಲದಲ್ಲಿ ನಿಂತಾಗ ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡೆ, ಬರಿಗೈಯಲ್ಲಿ ಹೋಗಬಾರದು. ಅವರ ಮನೆ ಎರಡು ಕೋಣೆಯದು. ಗೋಡೆಗೆ ಅಂಬೇಡ್ಕರರ ಪಟ, ಕೆಳಗೆ ಒಂದು ದೀಪ. ಅವರ ಹೆಂಡತಿ ಗುರುತು ಹಿಡಿದರು.

"ದೇವದುರ್ಗದವರಲ್ರಿ? ಚೀಲದವರು. ಕುಂದರ್ರಿ."

"ಹೆಂಗಾತಕ್ಕಾ?"

"ಹೆಂಗಾಗೂದು? ಪಾಠ ಹೇಳಾಕತ್ತಾಗ ಕುಂತ್ರು, ಏಳಲಿಲ್ಲ. ಹುಡುಗ್ರು ಎಡಗಡಿ ನಿಂತು ಕರದಾರ. ಇವರಿಗೆ ಕೇಳಿಲ್ಲ ಅನ್ಕೊಂಡು ಬಲಗಡಿ ಬಂದು ಕರದಾರ."

ಚಹಾ ಕೊಟ್ಟರು. ಕುಡಿದೆ. ಅವರಿಗೆ ಪೆನ್ಶನ್ನಿಗೆ ಯಾವ ಯಾವ ಕಾಗದ ಬೇಕು, ಯಾವ ಕಚೇರಿಯಲ್ಲಿ ಯಾರನ್ನು ಹಿಡಿಯಬೇಕು, ಮೂರು ಪ್ರತಿ ಮಾಡಿಸಿ ಒಂದನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದೆಲ್ಲ ಬಿಡಿಸಿ ಹೇಳಿದೆ. ಅವರು ಹೂಂಗುಟ್ಟುತ್ತ ಕೇಳಿದರು. ಹೊರಗೆ ಬಿಸಿಲು ಗೋಡೆ ಏರುತ್ತಿತ್ತು.

"ಹೊತ್ತಾತು. ಇವತ್ತು ಇರ್ರಿ" ಎಂದರು. ಎದ್ದು ಒಳಗೆ ಹೋಗಿ, ಟ್ರಂಕಿನ ತಳದಿಂದ ಒಂದು ಕೌದಿ ತಂದರು. ನಾಲ್ಕು ಮಡಿಕೆ. ಕೆಂಪು ಅಂಚು, ಹಳದಿ ಹೂವಿನ ಬಟ್ಟೆ, ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. "ಸಾಹುಕಾರ್ರ ಹುಡುಗ ಮಲಗಿದ್ದನ್ನ ಅವರ ಮಂದಿ ಹರದು ಹಾಕಿದ್ರು. ಉಳಿದ ಮೂರನ್ನ ಕೇರಿಯವರು ಹೊತ್ಕೊಂಡ್ರು. ಇದೊಂದು ಇವರು ಇಟ್ಟಿದ್ರು. ನೀವು ಬಂದ್ರ ಹಾಸಾಕ ಅಂತ."

ನಾನು ಕೌದಿಯನ್ನು ಮುಟ್ಟಿದೆ. ಗಂಜಿ ಹಾಗೇ ಇತ್ತು, ರಟ್ಟಿನಂತೆ.

"ಇಲ್ಲಕ್ಕಾ" ಎಂದೆ. "ಮುಂಜಾನಿ ಗುಂಟೂರಿನ ಲಾರಿ ಬರೂದೈತಿ. ನಾನಿಲ್ಲಂದ್ರ ಇಳಿಸೋರಿಲ್ಲ."

ಅವರು ನನ್ನ ಮುಖ ನೋಡಲಿಲ್ಲ. "ಹೌದ್ರಿ, ನಿಮ್ಮ ಕೆಲಸ ನಿಮಗ" ಎಂದು ಕೌದಿಯನ್ನು ಟ್ರಂಕಿನೊಳಗೆ ಇಟ್ಟು ಮುಚ್ಚಿದರು. ಮಡಚುವ ಕೆಲಸವೇ ಇರಲಿಲ್ಲ. ಅವರು ಅದನ್ನು ಬಿಚ್ಚಿಯೇ ಇರಲಿಲ್ಲ.

ಏಳುವಾಗ ನಾನು ಕೂತಿದ್ದ ಜಾಗವನ್ನು ನನ್ನ ಅಂಗೈ ತಾನಾಗಿ ಒಂದು ಸಲ ಒರೆಸಿತು. ಹೊಸ್ತಿಲು ದಾಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಮರುದಿನ ಬೆಳಿಗ್ಗೆ ಯಾವ ಲಾರಿಯೂ ಬರುವುದಿರಲಿಲ್ಲ.